ಲ್ಯಾಪ್‌ಟಾಪಿನಲ್ಲಿ ಆಟ ತಡವರಿಸಿದರೆ ಮೊದಲು ಫ್ಯಾನಿನ ಹಿಂದೆ ನೋಡಿ

ರಾಯಚೂರಿನ ನನ್ನ ರಿಪೇರಿ ಅಂಗಡಿಗೆ ಏಪ್ರಿಲ್ ಬಂತೆಂದರೆ ಒಂದೇ ದೂರು ಹೊತ್ತ ಹುಡುಗರು ಬರತೊಡಗುತ್ತಾರೆ. "ಅಣ್ಣಾ, ಆಟ ಶುರು ಮಾಡಿದಾಗ ಚೆನ್ನಾಗಿ ಓಡುತ್ತದೆ, ಹತ್ತು ನಿಮಿಷಕ್ಕೆ ತಡವರಿಸುತ್ತದೆ." ಜೊತೆಗೆ ಬಂದ ತಂದೆ ಮೆಲ್ಲಗೆ ಕೇಳುತ್ತಾರೆ: "ಹೊಸದೇ ಕೊಡಿಸಬೇಕೇನು?" ಬಹಳ ಸಲ ಬೇಕಾಗಿರುವುದಿಲ್ಲ. ಹುಡುಗ ಹೇಳಿದ ಆ ಹತ್ತು ನಿಮಿಷದಲ್ಲೇ ರೋಗದ ಗುರುತಿದೆ. ಯಂತ್ರಕ್ಕೆ ಕಸುವೇ ಇಲ್ಲದಿದ್ದರೆ ಆಟ ಮೊದಲ ನಿಮಿಷದಿಂದಲೇ ಕುಂಟುತ್ತಿತ್ತು. ಚೆನ್ನಾಗಿ ಓಡಿ ಆಮೇಲೆ ಕುಂಟಿದರೆ ಕಾಡುತ್ತಿರುವುದು ಶಾಖ.

ಮೇಜಿನ ಮೇಲಿನ ದೊಡ್ಡ ಕಂಪ್ಯೂಟರಿನಲ್ಲಿ ಪ್ರೊಸೆಸರಿಗೊಂದು, ಗ್ರಾಫಿಕ್ಸ್ ಕಾರ್ಡಿಗೊಂದು ಬೇರೆ ಬೇರೆ ಫ್ಯಾನ್, ನಡುವೆ ಗಾಳಿಯಾಡಲು ಧಾರಾಳ ಜಾಗ. ಲ್ಯಾಪ್‌ಟಾಪಿನಲ್ಲಿ ಎರಡೂ ಚಿಪ್‌ಗಳು ಒಂದೇ ಅಂಗೈಯಗಲದಲ್ಲಿ ಕೂತಿರುತ್ತವೆ. ಸಾಮಾನ್ಯವಾಗಿ ಎರಡರ ಬಿಸಿಯನ್ನೂ ಹೊರುವುದು ಅದೇ ತಾಮ್ರದ ಕೊಳವೆಗಳು. ಪ್ರೊಸೆಸರ್ 95ರಿಂದ 100 ಡಿಗ್ರಿ ಸೆಲ್ಸಿಯಸ್ ಹತ್ತಿರ ಬಂದಾಗ ತನ್ನನ್ನು ಉಳಿಸಿಕೊಳ್ಳಲು ತಾನೇ ವೇಗ ಇಳಿಸಿಕೊಳ್ಳುತ್ತದೆ. ಆಟದಲ್ಲಿ ನಿಮಗೆ ಕಾಣುವ ತಡವರಿಕೆ ಅದೇ. ಕೋಣೆಯೇ 38 ಡಿಗ್ರಿ ಇದ್ದರೆ ಫ್ಯಾನ್ ಒಳಗೆಳೆಯುವ ಗಾಳಿಯೂ 38. ಜನವರಿಯಲ್ಲಿ ಸಲೀಸಾಗಿ ಓಡಿದ ಆಟ ಮೇ ತಿಂಗಳಲ್ಲಿ ಒದ್ದಾಡುವುದು ಇದಕ್ಕೇ.

ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಅಳೆಯಿರಿ. ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಮೂರನ್ನೂ ಒಟ್ಟಿಗೆ ಒತ್ತಿದರೆ ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆಯುತ್ತದೆ. ಅಲ್ಲಿ ಗ್ರಾಫಿಕ್ಸ್ ಕಾರ್ಡಿನ ತಾಪಮಾನ ಸಿಗುತ್ತದೆ. ಪ್ರೊಸೆಸರಿನದೂ ಬೇಕೆಂದರೆ ಎಚ್‌ಡಬ್ಲ್ಯೂಇನ್ಫೋ ಎಂಬ ಉಚಿತ ತಂತ್ರಾಂಶ ಹಾಕಿಕೊಳ್ಳಿ. ಆಟವನ್ನು ಇಪ್ಪತ್ತು ನಿಮಿಷ ಆಡಿ, ಹೊರಬಂದು, ಅತಿ ಹೆಚ್ಚು ತಾಪಮಾನ ಎಷ್ಟಾಗಿತ್ತು, ವೇಗ ಎಲ್ಲಿಗೆ ಇಳಿದಿತ್ತು ಎಂದು ಚೀಟಿಯಲ್ಲಿ ಬರೆದಿಡಿ. ಕೋಣೆಯ ಉಷ್ಣತೆಯನ್ನೂ ಬರೆಯಿರಿ. ಈ ಚೀಟಿ ಇಲ್ಲದಿದ್ದರೆ ನಾಳೆ ಮಾಡಿದ ಕೆಲಸದಿಂದ ಉಪಯೋಗವಾಯಿತೋ ಇಲ್ಲವೋ ಎಂದು ತಿಳಿಯುವ ದಾರಿಯೇ ಇಲ್ಲ.

ಇನ್ನೊಂದನ್ನು ಮರೆಯದೆ ನೋಡಿ: ಚಾರ್ಜರ್. ಹೋದ ವರ್ಷ ಒಬ್ಬ ಹುಡುಗನ ಲ್ಯಾಪ್‌ಟಾಪನ್ನು ಎರಡು ದಿನ ತಡಕಾಡಿದೆ. ಬಿಸಿಯಿಲ್ಲ, ಧೂಳಿಲ್ಲ, ಆದರೂ ಆಟ ನಿಧಾನ. ಕೊನೆಗೆ ಅಡಾಪ್ಟರನ್ನು ಬೋರಲು ಹಾಕಿ ಸಣ್ಣ ಅಕ್ಷರ ಓದಿದೆ: 19.5 ವೋಲ್ಟ್, 4.62 ಆಂಪಿಯರ್. ಗುಣಿಸಿದರೆ 90 ವ್ಯಾಟ್. ಅದರೊಂದಿಗೆ ಬಂದಿದ್ದ ಮೂಲ ಅಡಾಪ್ಟರ್ 150 ವ್ಯಾಟಿನದು. ಅದು ಕೆಟ್ಟಾಗ ಪಿನ್ ಕೂತಿತೆಂದು ಯಾರೋ ಇದನ್ನು ಕೊಟ್ಟಿದ್ದರು. ಪಿನ್ ಕೂತರೆ ಸಾಲದು, ವ್ಯಾಟ್ ಹೊಂದಬೇಕು. ಕರೆಂಟು ಹೋದಾಗ ಆಟ ಕುಸಿಯುವುದಕ್ಕೂ ಇಂಥದೇ ಕಾರಣ. ಗ್ರಾಫಿಕ್ಸ್ ಕಾರ್ಡಿಗೆ 115, ಪ್ರೊಸೆಸರಿಗೆ 45, ಒಟ್ಟು 160 ವ್ಯಾಟ್ ಎಳೆದರೆ 56 ವ್ಯಾಟ್‌ಅವರ್ ಬ್ಯಾಟರಿ ಇಪ್ಪತ್ತೊಂದು ನಿಮಿಷದಲ್ಲಿ ಬರಿದಾಗುತ್ತದೆ. ಅಷ್ಟನ್ನು ಒಮ್ಮೆಲೇ ಕೊಡುವ ತಾಕತ್ತೂ ಬ್ಯಾಟರಿಗೆ ಇರುವುದಿಲ್ಲ. ಹಾಗಾಗಿ ಯಂತ್ರವೇ ಕಡಿವಾಣ ಹಾಕಿಕೊಳ್ಳುತ್ತದೆ. ಭಾರೀ ಆಟವನ್ನು ಚಾರ್ಜರ್ ಹಾಕಿಕೊಂಡೇ ಆಡಬೇಕು.

ಈಗ ಮುಚ್ಚಳ ತೆಗೆಯುವ ಕೆಲಸ. ವಾರಂಟಿ ಉಳಿದಿದ್ದರೆ ಕೈ ಹಾಕಬೇಡಿ, ಸರ್ವಿಸ್ ಸೆಂಟರಿನಲ್ಲಿ ಕೇಳಿ. ಇಲ್ಲವಾದರೆ ಲ್ಯಾಪ್‌ಟಾಪನ್ನು ಪೂರ್ತಿ ಆರಿಸಿ, ಚಾರ್ಜರ್ ಕಿತ್ತು, ಹಿಂಬದಿಯ ಸ್ಕ್ರೂಗಳನ್ನು ಬಿಚ್ಚಿ. ಅವುಗಳ ಉದ್ದ ಒಂದೇ ಇರುವುದಿಲ್ಲ. ಒಂದು ಹಾಳೆಯಲ್ಲಿ ಲ್ಯಾಪ್‌ಟಾಪಿನ ಆಕಾರ ಬರೆದು, ಯಾವ ಮೂಲೆಯ ಸ್ಕ್ರೂವನ್ನು ಆ ಮೂಲೆಗೇ ಚುಚ್ಚಿಡಿ. ಉದ್ದದ್ದನ್ನು ಗಿಡ್ಡ ತೂತಿಗೆ ತಿರುಗಿಸಿದರೆ ಕೀಬೋರ್ಡಿನ ಕಡೆ ಉಬ್ಬು ಬರುತ್ತದೆ. ಮುಚ್ಚಳ ತೆಗೆದ ಕೂಡಲೇ ಮೊದಲು ಬ್ಯಾಟರಿಯ ಕನೆಕ್ಟರ್ ಬಿಡಿಸಿ, ಪವರ್ ಗುಂಡಿಯನ್ನು ಹತ್ತು ಸೆಕೆಂಡ್ ಒತ್ತಿ ಹಿಡಿಯಿರಿ. ಬ್ಯಾಟರಿ ಊದಿಕೊಂಡಿದ್ದು ಕಂಡರೆ ಅಲ್ಲಿಗೇ ನಿಲ್ಲಿಸಿ. ಅದನ್ನು ಒತ್ತಬೇಡಿ, ಚುಚ್ಚಬೇಡಿ, ಬದಲಿಸುವವರ ಹತ್ತಿರ ಒಯ್ಯಿರಿ.

ನಮ್ಮೂರು ಹತ್ತಿಯ ಊರು. ಹತ್ತಿ ಮಾರುವ ಗಂಜ್ ಮಾರುಕಟ್ಟೆಯ ಕಡೆಯಿಂದ ಬರುವ ಲ್ಯಾಪ್‌ಟಾಪುಗಳಲ್ಲಿ ನಾನು ಕಾಣುವುದನ್ನು ಬೇರೆ ಊರಿನವರು ಕಂಡಿರಲಾರರು. ಒಂದು ಲ್ಯಾಪ್‌ಟಾಪ್ ನನಗೆ ಚೆನ್ನಾಗಿ ನೆನಪಿದೆ; ಐ5-9300ಎಚ್ ಪ್ರೊಸೆಸರ್, ಜಿಟಿಎಕ್ಸ್ 1650 ಗ್ರಾಫಿಕ್ಸ್, ನಾಲ್ಕು ವರ್ಷ ಹಳೆಯದು. ಫ್ಯಾನಿನ ರೆಕ್ಕೆಗಳ ಮೇಲೆ ತೆಳುವಾದ ಧೂಳು, ಅಷ್ಟೇ. ಹುಡುಗನಿಗೆ ಸ್ವಚ್ಛವಾಗಿಯೇ ಇದೆ ಎನ್ನಿಸಿತು. ಫ್ಯಾನಿನ ಮೂರು ಸ್ಕ್ರೂ ಬಿಚ್ಚಿ ಅದನ್ನು ಎತ್ತಿದಾಗ ಹಿಂದೆ ನಿಜ ಕಂಡಿತು. ಫ್ಯಾನಿಗೂ ಬಿಸಿ ಹೊರಹಾಕುವ ಲೋಹದ ತೆಳು ತಗಡುಗಳ ಸಾಲಿಗೂ ನಡುವೆ ಬೂದುಬಣ್ಣದ ಅರಳೆಯ ಪಟ್ಟಿ ಅಡ್ಡಗಟ್ಟಿ ನಿಂತಿತ್ತು. ಚಿಮಟದಲ್ಲಿ ತುದಿ ಹಿಡಿದು ಎಳೆದೆ. ಇಡೀ ಪಟ್ಟಿ ಒಂದೇ ತುಂಡಾಗಿ ಕಳಚಿ ಬಂತು. ಬೆರಳುದ್ದ, ಕಂಬಳಿಯ ಚೂರಿನಷ್ಟು ದಪ್ಪ. ಮಗ್ಗುಲು ತಿರುಗಿಸಿದರೆ ಅದರ ಮೇಲೆ ತಗಡುಗಳ ಗೆರೆಗಳು ಸಾಲಾಗಿ ಅಚ್ಚೊತ್ತಿದ್ದವು. ಫ್ಯಾನ್ ಇಷ್ಟು ದಿನ ಗೋಡೆಗೆ ಗಾಳಿ ಬೀಸುತ್ತಿತ್ತು.

ಹೊರಗಿನ ಕಿಂಡಿಯಿಂದ ಬ್ಲೋವರ್ ಹಿಡಿದು ಊದಿದರೆ ಈ ಪಟ್ಟಿ ಬರುವುದಿಲ್ಲ, ಒಳಗೆ ಚೂರಾಗಿ ಚೆದುರುತ್ತದೆ. ಫ್ಯಾನ್ ತೆಗೆದೇ ಬಿಡಿಸಬೇಕು. ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಒತ್ತಿ ಹಿಡಿಯಿರಿ. ಕಲಿಯುವ ದಿನಗಳಲ್ಲಿ ನಾನು ಹಿಡಿಯದೆ ಊದಿದ್ದೆ; ಫ್ಯಾನ್ ಕಿರುಗುಟ್ಟುವಷ್ಟು ಜೋರಾಗಿ ತಿರುಗಿತು, ಅದರ ಬೇರಿಂಗ್ ಹಾಳಾಯಿತು, ಹೊಸ ಫ್ಯಾನನ್ನು ನನ್ನ ಕೈಯಿಂದ ಹಾಕಿಸಿಕೊಟ್ಟೆ.

ಚಿಪ್ಪಿನ ಬಿಸಿಯನ್ನು ಮೇಲಿನ ತಾಮ್ರದ ಫಲಕಕ್ಕೆ ದಾಟಿಸುವ ಥರ್ಮಲ್ ಪೇಸ್ಟ್ ಮೂರ್ನಾಲ್ಕು ವರ್ಷಕ್ಕೆ ಒಣಗಿ ಸುಣ್ಣದಂತಾಗಿರುತ್ತದೆ. ತಾಮ್ರದ ಫಲಕದ ಸ್ಕ್ರೂಗಳ ಪಕ್ಕ ಸಾಮಾನ್ಯವಾಗಿ 1, 2, 3, 4 ಎಂದು ಅಂಕಿ ಕೆತ್ತಿರುತ್ತಾರೆ. ಬಿಚ್ಚುವಾಗ ಕೊನೆಯ ಅಂಕಿಯಿಂದ, ಬಿಗಿಯುವಾಗ ಒಂದರಿಂದ, ಪ್ರತಿಯೊಂದನ್ನೂ ಸ್ವಲ್ಪ ಸ್ವಲ್ಪವೇ ತಿರುಗಿಸಿ. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ಚಿಪ್ಪಿನ ಅಂಚು ಒಡೆಯಬಹುದು. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿದ ಬಟ್ಟೆಯಿಂದ ಒರೆಸಿ, ಚಿಪ್ಪಿನ ಮೈ ತುಂಬುವಷ್ಟೇ ತೆಳುವಾಗಿ ಹೊಸದನ್ನು ಹಚ್ಚಿ. ಅಕ್ಕಪಕ್ಕದ ಮೆತ್ತನೆಯ ಪ್ಯಾಡುಗಳು ಹರಿಯದಂತೆ ನೋಡಿಕೊಳ್ಳಿ. ಅವು ಮೆಮೊರಿ ಚಿಪ್ಪುಗಳ ಬಿಸಿ ಒಯ್ಯುತ್ತವೆ. ದ್ರವಲೋಹದ ಪೇಸ್ಟ್ ಮನೆಯಲ್ಲಿ ಬೇಡವೇ ಬೇಡ, ಅದರಲ್ಲಿ ವಿದ್ಯುತ್ ಹರಿಯುತ್ತದೆ. ಒಂದು ಹನಿ ಆಚೆ ಜಾರಿದರೆ ಬೋರ್ಡ್ ಸುಟ್ಟಂತೆ.

ಗಂಜ್ ಹುಡುಗನ ಚೀಟಿಯಲ್ಲಿ ಮೊದಲು 97 ಡಿಗ್ರಿ ಎಂದಿತ್ತು. ಅದೇ ಕೋಣೆ, ಅದೇ ಆಟ, ಅದೇ ಇಪ್ಪತ್ತು ನಿಮಿಷ. ಎರಡನೆಯ ಚೀಟಿಯಲ್ಲಿ 84. ಎರಡನ್ನೂ ಅವನ ತಂದೆಯ ಕೈಗೆ ಕೊಟ್ಟೆ.

ಮುಚ್ಚಳ ತೆಗೆಯಲು ಧೈರ್ಯವಿಲ್ಲದವರಿಗೂ ದಾರಿಯಿದೆ. ಲ್ಯಾಪ್‌ಟಾಪಿನ ಹಿಂದಿನ ಎರಡು ಮೂಲೆಗಳ ಕೆಳಗೆ ನೀರಿನ ಬಾಟಲಿಯ ಮುಚ್ಚಳ ಇಡಿ. ಗಾಳಿ ಎಳೆಯುವ ಕಿಂಡಿಗಳು ಬಹುಪಾಲು ಅಡಿಯಲ್ಲಿರುವುದರಿಂದ ಆ ಸ್ವಲ್ಪ ಎತ್ತರವೇ ಎರಡು ಮೂರು ಡಿಗ್ರಿ ಇಳಿಸಿದ್ದನ್ನು ನಾನು ಅಳೆದಿದ್ದೇನೆ. ಹಾಸಿಗೆಯ ಮೇಲೆ ಇಟ್ಟು ಆಡುವುದನ್ನು ಮಾತ್ರ ಬಿಡಲೇಬೇಕು. ನೀರು ಹಾಕುವ ಏರ್ ಕೂಲರಿನ ಬಾಯಿಗೆ ನೇರವಾಗಿಯೂ ಇಡಬೇಡಿ, ಗಾಳಿಯ ಜೊತೆ ತುಂತುರು ಬರುತ್ತದೆ.

ಆಟದೊಳಗಿನ ಸೆಟ್ಟಿಂಗ್‌ಗೆ ಬನ್ನಿ. ನಿಮ್ಮ ಪರದೆ ಸೆಕೆಂಡಿಗೆ 60 ಸಲ ಚಿತ್ರ ಬದಲಿಸುವ, ಅಂದರೆ 60 ಹರ್ಟ್ಸ್‌ನದಾದರೆ ಆಟವೂ ಸೆಕೆಂಡಿಗೆ 60 ಫ್ರೇಮ್, ಅಂದರೆ 60 ಚಿತ್ರ ಮಾತ್ರ ಬಿಡಿಸಲಿ ಎಂದು ಮಿತಿ ಹಾಕಿ. ವ್ಯಾಲರಂಟ್‌ನಂಥ ಹಗುರ ಆಟ ಮಿತಿಯಿಲ್ಲದೆ ನೂರೈವತ್ತು ಫ್ರೇಮ್ ಬಿಡಿಸಿದರೂ ಆ ಪರದೆ ತೋರಿಸುವುದು ಅರವತ್ತನ್ನೇ, ಉಳಿದದ್ದು ಬರೀ ಬಿಸಿ. ಆಮೇಲೆ ನೆರಳಿನ ಗುಣಮಟ್ಟ ಇಳಿಸಿ. ಕಣ್ಣಿಗೆ ಕಾಣುವ ನಷ್ಟ ಕಡಿಮೆ, ಉಳಿತಾಯ ಹೆಚ್ಚು. ಟೆಕ್ಸ್ಚರ್, ಅಂದರೆ ಆಟದ ವಸ್ತುಗಳ ಮೈಮೇಲಿನ ಚಿತ್ರದ ಗುಣಮಟ್ಟ, ಇಳಿಸಬೇಕಾಗುವುದು ಗ್ರಾಫಿಕ್ಸ್ ಮೆಮೊರಿ ಸಾಲದಾದಾಗ. 4 ಜಿಬಿ ಇರುವವರಿಗೆ ಹೊಸ ಆಟಗಳಲ್ಲಿ ಅದು ತಪ್ಪಿದ್ದಲ್ಲ. ವಿಂಡೋಸ್‌ನ ಡಿಸ್‌ಪ್ಲೇ ಸೆಟ್ಟಿಂಗ್‌ನಲ್ಲಿ ಗ್ರಾಫಿಕ್ಸ್ ಎಂಬಲ್ಲಿಗೆ ಹೋಗಿ ನಿಮ್ಮ ಆಟಕ್ಕೆ ಹೈ ಪರ್ಫಾರ್ಮೆನ್ಸ್ ಆಯ್ದಿದೆಯೇ ನೋಡಿ. ದುಡ್ಡು ಕೊಟ್ಟು ಕೊಂಡ ಕಾರ್ಡ್ ಸುಮ್ಮನೆ ಕೂತು, ಪ್ರೊಸೆಸರಿನ ಒಳಗಿನ ಗ್ರಾಫಿಕ್ಸೇ ಆಟವನ್ನು ಎಳೆಯುತ್ತಿರುವುದೂ ಉಂಟು.

ಬೇರೆ ಗ್ರಾಫಿಕ್ಸ್ ಕಾರ್ಡೇ ಇಲ್ಲದ ಲ್ಯಾಪ್‌ಟಾಪಿಗೆ ನಾನು ಹೇಳುವ ಮೊದಲ ಖರ್ಚು ಎರಡನೆಯ ರ‍್ಯಾಮ್. ಒಳಗಿನ ಗ್ರಾಫಿಕ್ಸ್ ರ‍್ಯಾಮನ್ನೇ ತನ್ನ ಮೆಮೊರಿಯಾಗಿ ಬಳಸುತ್ತದೆ. ರ‍್ಯಾಮಿನ ಒಂದೇ ಕಡ್ಡಿ ಇದ್ದರೆ ಮಾಹಿತಿ ಓಡಾಡಲು ಒಂದೇ ದಾರಿ. ಖಾಲಿ ಜಾಗಕ್ಕೆ ಅದೇ ಅಳತೆಯ ಇನ್ನೊಂದು ಹಾಕಿದರೆ ದಾರಿ ಎರಡಾಗುತ್ತದೆ, ಆಟ ಕಣ್ಣಿಗೆ ಕಾಣುವಷ್ಟು ಚುರುಕಾಗುತ್ತದೆ.

ಇಷ್ಟೆಲ್ಲ ಮಾಡಿಯೂ ಹೊಸದೇ ಬೇಕೆನ್ನಿಸಿದರೆ ಗ್ರಾಫಿಕ್ಸ್ ಕಾರ್ಡಿನ ಹೆಸರು ನೋಡಿ ಹಣ ಎಣಿಸಬೇಡಿ. ಲ್ಯಾಪ್‌ಟಾಪಿನ ಆರ್‌ಟಿಎಕ್ಸ್ 4060ಕ್ಕೆ ಎನ್‌ವಿಡಿಯಾ ಇಟ್ಟ ಮಿತಿಯೇ 35ರಿಂದ 115 ವ್ಯಾಟ್. ಒಂದು ಲ್ಯಾಪ್‌ಟಾಪಿನಲ್ಲಿ ಅದಕ್ಕೆ 60 ವ್ಯಾಟ್ ಕೊಟ್ಟಿರಬಹುದು, ಪಕ್ಕದ್ದರಲ್ಲಿ 115. ಪೆಟ್ಟಿಗೆಯ ಮೇಲಿನ ಹೆಸರು ಮಾತ್ರ ಒಂದೇ. ತೆಳ್ಳಗೆ, ಹಗುರಾಗಿರುವ ಚೆಂದದ ಲ್ಯಾಪ್‌ಟಾಪಿನಲ್ಲಿ ಸಾಮಾನ್ಯವಾಗಿ ಕಡಿಮೆ ವ್ಯಾಟೇ ಇರುತ್ತದೆ. ಅಂಗಡಿಯಲ್ಲಿ "ಗ್ರಾಫಿಕ್ಸ್‌ಗೆ ಎಷ್ಟು ವ್ಯಾಟ್?" ಎಂದು ನೇರವಾಗಿ ಕೇಳಿ. ಅವರಿಗೆ ಗೊತ್ತಿಲ್ಲವೆಂದರೆ ಪೂರ್ತಿ ಮಾದರಿ ಸಂಖ್ಯೆ ಬರೆದುಕೊಂಡು ಮನೆಗೆ ಬನ್ನಿ, ತಯಾರಕರ ಜಾಲತಾಣದಲ್ಲಿ ಆ ಅಂಕಿ ಹುಡುಕಿ, ಮರುದಿನ ಹೋಗಿ ಕೊಳ್ಳಿ.