ಲ್ಯಾಪ್‌ಟಾಪನ್ನು ತಕ್ಕಡಿ ಮೇಲಿಟ್ಟಾಗ

ಮೊದಲ ವರ್ಷದ ಎಂಬಿಬಿಎಸ್‌ಗೆ ಹಾಸನಕ್ಕೆ ಬಂದಾಗ, ಅಣ್ಣ ಇಂಜಿನಿಯರಿಂಗ್‌ನಲ್ಲಿ ಬಳಸಿದ್ದ ಲ್ಯಾಪ್‌ಟಾಪೇ ನನ್ನ ಪಾಲಿಗೆ ಬಂತು. 15.6 ಇಂಚಿನದು. ಚೆನ್ನಾಗೇ ಕೆಲಸ ಮಾಡುತ್ತಿತ್ತು. ಆದರೆ ಏಪ್ರನ್, ಅನಾಟಮಿ ಪುಸ್ತಕ, ರೆಕಾರ್ಡುಗಳ ಜೊತೆ ಅದನ್ನೂ ಬ್ಯಾಗಿಗೆ ತುಂಬಿಕೊಂಡರೆ ಸಂಜೆ ಹೊತ್ತಿಗೆ ಭುಜ ಹಿಡಿದುಕೊಳ್ಳುತ್ತಿತ್ತು. ಶನಿವಾರ ಸಕಲೇಶಪುರದ ಬಸ್ಸಲ್ಲಿ ಸೀಟು ಸಿಗದೆ ನಿಂತು ಹೋಗುವ ದಿನವಂತೂ ಕೇಳೋದೇ ಬೇಡ. ಎರಡು ತಿಂಗಳಾದ ಮೇಲೆ ಅದು ಹಾಸ್ಟೆಲ್ ರೂಮಿನ ಮೇಜು ಬಿಟ್ಟು ಕದಲಲಿಲ್ಲ. ಲೈಬ್ರರಿಯಲ್ಲಿ ಫೋನಿನಲ್ಲೇ ಪಿಡಿಎಫ್ ಓದಿ ಕಣ್ಣು ಉರಿಸಿಕೊಂಡೆ.

ರಜೆಯಲ್ಲಿ ಊರಿಗೆ ಹೋದಾಗ ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿ ಮೇಲೆ ಅದನ್ನು ಇಟ್ಟು ನೋಡಿದೆ. "ಏನವ್ವ, ಇದನ್ನೂ ಕೆಜಿ ಲೆಕ್ಕದಲ್ಲಿ ಕೊಡ್ತೀಯಾ?" ಎಂದು ಅಂಗಡಿಯಣ್ಣ ನಕ್ಕರು. ಲ್ಯಾಪ್‌ಟಾಪ್ 2 ಕೆಜಿ 240 ಗ್ರಾಂ. ಚಾರ್ಜರ್ ಸೇರಿಸಿದರೆ 2 ಕೆಜಿ 780. ಅಂದರೆ ಚಾರ್ಜರ್ ಒಂದೇ ಅರ್ಧ ಕೆಜಿಗಿಂತ ಜಾಸ್ತಿ! ಕಂಪನಿಯವರು ಹೇಳುವ ತೂಕದಲ್ಲಿ ಚಾರ್ಜರ್ ಸೇರಿರುವುದಿಲ್ಲ. ಮುಂದಿನದು ಚಾರ್ಜರ್ ಸಮೇತ ಒಂದೂವರೆ ಕೆಜಿ ದಾಟಬಾರದು ಎಂದು ಅವತ್ತೇ ಗಟ್ಟಿ ಮಾಡಿಕೊಂಡೆ. ಹೆಚ್ಚಾಗಿ 13-14 ಇಂಚಿನವೇ ಆ ಲೆಕ್ಕಕ್ಕೆ ಬರುತ್ತವೆ.

ಎರಡನೇ ವರ್ಷ ಪೆಥಾಲಜಿ (ರೋಗಶಾಸ್ತ್ರ) ಶುರುವಾದಾಗ ಇನ್ನೊಂದು ವಿಷಯ ಗೊತ್ತಾಯಿತು. ನಮಗೆ ಬಣ್ಣ ಮುಖ್ಯ. ಸ್ಲೈಡಿಗೆ ಹಾಕುವ ಬಣ್ಣಗಳಲ್ಲಿ ಹಿಮಟಾಕ್ಸಿಲಿನ್ ಜೀವಕೋಶದ ನ್ಯೂಕ್ಲಿಯಸ್ಸಿಗೆ ನೀಲಿ-ನೇರಳೆ ಕೊಡುತ್ತದೆ, ಇಯೋಸಿನ್ ಉಳಿದದ್ದಕ್ಕೆ ಗುಲಾಬಿ. ಆ ವ್ಯತ್ಯಾಸ ನೋಡಿಯೇ ನಾವು ಸ್ಲೈಡ್ ಗುರುತಿಸುವುದು. ಮೈಕ್ರೋಸ್ಕೋಪಿಗೆ ಫೋನ್ ಹಿಡಿದು ತೆಗೆದಿದ್ದ ನನ್ನದೇ ಹತ್ತು ಫೋಟೋಗಳನ್ನು ಪೆನ್‌ಡ್ರೈವಿಗೆ ಹಾಕಿಕೊಂಡು ಬಿ.ಎಂ. ರಸ್ತೆಯ ಅಂಗಡಿಗೆ ಹೋದೆ. ಒಂದೇ ಫೋಟೋವನ್ನು ಮೂರು ಲ್ಯಾಪ್‌ಟಾಪ್‌ಗಳಲ್ಲಿ ಅಕ್ಕಪಕ್ಕ ತೆರೆಸಿದೆ. ಬ್ಲಡ್ ಸ್ಮಿಯರಿನಲ್ಲಿ (ಗಾಜಿನ ಮೇಲೆ ತೆಳ್ಳಗೆ ಹರಡಿದ ರಕ್ತದಲ್ಲಿ) ಇದ್ದ ಒಂದು ಇಯೋಸಿನೋಫಿಲ್, ಅಂದರೆ ಒಂದು ಬಗೆಯ ಬಿಳಿ ರಕ್ತಕಣ. ಅದರ ಕಾಳುಗಳು ಕೆಂಪು-ಕಿತ್ತಳೆಯಾಗಿ ಎದ್ದು ಕಾಣಬೇಕು. ಒಂದರಲ್ಲಿ ಅವು ಮಾಸಿದ ಇಟ್ಟಿಗೆ ಬಣ್ಣಕ್ಕೆ ತಿರುಗಿದ್ದವು. ಅದನ್ನೇ ಅಂಗಡಿಯವರು "ಮೇಡಂ, ಪ್ರೊಸೆಸರ್ ಇದರದ್ದೇ ಟಾಪ್" ಎಂದು ಒತ್ತಾಯ ಮಾಡುತ್ತಿದ್ದರು. ವಿವರ ತೆಗೆಸಿ ನೋಡಿದರೆ ಪರದೆ 45% ಎನ್‌ಟಿಎಸ್‌ಸಿ, ಅಂದರೆ ಅದು ತೋರಿಸಬಲ್ಲ ಬಣ್ಣಗಳ ವ್ಯಾಪ್ತಿ ಕಡಿಮೆ. ಪಕ್ಕದ್ದು 100% ಎಸ್‌ಆರ್‌ಜಿಬಿ, ಅದರ ವ್ಯಾಪ್ತಿ ಹೆಚ್ಚು. ಈ ಒಂದು ಸಾಲನ್ನು ಯಾರೂ ತಾವಾಗಿ ಹೇಳುವುದಿಲ್ಲ, ನಾವೇ ಕೇಳಬೇಕು. ಪಿಡಿಎಫ್ ಓದುವುದಕ್ಕೆ, ಲೆಕ್ಚರ್ ವಿಡಿಯೋ ನೋಡುವುದಕ್ಕೆ ಅಷ್ಟು ದೊಡ್ಡ ಪ್ರೊಸೆಸರ್ ಸುಮ್ನೆ ದಂಡ.

ಪರದೆಯ ಅಗಲ-ಎತ್ತರದ ಅನುಪಾತ 16:10 ಇರುವುದನ್ನೇ ಆರಿಸಿದೆ. ಮಾಮೂಲಿ 16:9 ಪರದೆಯ 1080ರ ಬದಲು 1200 ಪಿಕ್ಸೆಲ್ ಎತ್ತರ ಸಿಗುತ್ತದೆ, ಪುಟದಲ್ಲಿ ಇನ್ನೂ ನಾಲ್ಕೈದು ಸಾಲು ಕಾಣುತ್ತದೆ. ರ್‍ಯಾಮ್ 16 ಜಿಬಿ. ತೆಳ್ಳಗಿನ ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ರ್‍ಯಾಮನ್ನು ಬೋರ್ಡಿಗೇ ಬೆಸುಗೆ ಹಾಕಿರುತ್ತಾರೆ, ಆಮೇಲೆ ಹೆಚ್ಚಿಸಲು ಆಗುವುದಿಲ್ಲ. ನಾಲ್ಕೂವರೆ ವರ್ಷದ ಓದು, ಒಂದು ವರ್ಷದ ಇಂಟರ್ನ್‌ಶಿಪ್ ಎರಡಕ್ಕೂ ಬಾಳಬೇಕಲ್ವಾ?

ಬ್ಯಾಟರಿ ವಿಷಯದಲ್ಲಿ "ಇಷ್ಟು ಗಂಟೆ ಬರುತ್ತದೆ" ಎಂಬ ಮಾತು ನಂಬಲಿಲ್ಲ. ವ್ಯಾಟ್-ಅವರ್ (ಬ್ಯಾಟರಿಯಲ್ಲಿ ತುಂಬುವ ವಿದ್ಯುತ್ತಿನ ಅಳತೆ) ಎಷ್ಟು ಎಂದು ಕೇಳಿದೆ. ನನ್ನದು 56. ಓದುವಾಗ ಸುಮಾರು 8 ವ್ಯಾಟ್ ಎಳೆಯುತ್ತದೆ, ಅಂದರೆ ಏಳು ಗಂಟೆ. ಜುಲೈ ಮಳೆಯಲ್ಲಿ ನಮ್ಮೂರಲ್ಲಿ ಬೆಳಿಗ್ಗೆ ಹೋದ ಕರೆಂಟು ಸಂಜೆ ಬಂದರೂ ಬಂತು. ಇಂಟರ್ನಲ್ಸ್ ಮುಂದಿಟ್ಟುಕೊಂಡು ಊರಲ್ಲಿ ಕೂತಿದ್ದ ಒಂದು ಭಾನುವಾರ ಪೂರ್ತಿ ಫಾರ್ಮಕಾಲಜಿ ಕಾರ್ಡುಗಳನ್ನು ಆ್ಯಂಕಿ ಎಂಬ ಫ್ಲ್ಯಾಶ್‌ಕಾರ್ಡ್ ಆ್ಯಪಿನಲ್ಲಿ ಮುಗಿಸಿದ್ದು ಈ ಏಳು ಗಂಟೆಯಿಂದಲೇ.

ಟಚ್ ಸ್ಕ್ರೀನ್, ಪೆನ್ನು ತಗೊಳ್ಳಲಿಲ್ಲ. ಯೂನಿವರ್ಸಿಟಿ ಪರೀಕ್ಷೆಯಲ್ಲಿ ಉತ್ತರ, ಚಿತ್ರ ಎಲ್ಲ ಕೈಯಲ್ಲೇ ಬರೆಯಬೇಕು. ಆ ಅಭ್ಯಾಸ ಕಾಗದದ ಮೇಲೇ ಆಗಲಿ ಅಂದುಕೊಂಡೆ. ಕಾಫಿ ಕುಯ್ಲು ಮುಗಿದ ಮೇಲೆ ಅಪ್ಪ ಕೊಟ್ಟ ದುಡ್ಡದು, ಬೇಡದ್ದಕ್ಕೆ ಹಾಕಲು ಮನಸ್ಸು ಬರಲಿಲ್ಲ. ಉಳಿದದ್ದರಲ್ಲಿ 65 ವ್ಯಾಟಿನ ಚಿಕ್ಕ ಟೈಪ್-ಸಿ ಚಾರ್ಜರ್ ಕೊಂಡೆ. ಫೋನಿಗೂ ಅದೇ ಆಗುತ್ತದೆ.

ಊರಿಗೆ ಹೋದಾಗ ಅದೇ ತಕ್ಕಡಿ ಮೇಲೆ ಹೊಸ ಲ್ಯಾಪ್‌ಟಾಪ್, ಚಾರ್ಜರ್ ಎರಡನ್ನೂ ಇಟ್ಟೆ. 1 ಕೆಜಿ 390.