ಜೀವವೈವಿಧ್ಯ ಓದುವುದು ಹೇಗೆ? ಮೊದಲು ಎಣಿಸಲು ಕಲಿಯಿರಿ

ಜೀವವೈವಿಧ್ಯ ಸಂರಕ್ಷಣೆ ಸುಲಭದ ಪೇಪರ್ ಅಂತ ನಂಬಿಕೊಂಡು ಪದವಿಗೆ ಸೇರುವವರು ಜಾಸ್ತಿ. ಹುಲಿ, ಪಾಂಡಾ, ಮಳೆಕಾಡು, ಒಂದಿಷ್ಟು ಒಪ್ಪಂದಗಳ ಹೆಸರು. ಪರೀಕ್ಷೆಯ ಹಿಂದಿನ ರಾತ್ರಿ ಓದಿದರೆ ಆಯ್ತು ಅನ್ನುವ ಧೈರ್ಯ. ಉತ್ತರ ಪತ್ರಿಕೆ ತಿದ್ದಲು ಕೂತಾಗ ಅಸಲಿ ಕಥೆ ಗೊತ್ತಾಗುತ್ತದೆ. ಒಪ್ಪಂದಗಳ ಇಸವಿ ಚಾಚೂ ತಪ್ಪದೆ ಇರುತ್ತವೆ. ಎರಡು ಕಾಡುಗಳ ಅಂಕಿ ಕೊಟ್ಟು, ಯಾವುದರಲ್ಲಿ ವೈವಿಧ್ಯ ಜಾಸ್ತಿ, ಯಾಕೆ ಎಂದು ಕೇಳಿದರೆ ಮಾತ್ರ ಪುಟ ಖಾಲಿ. ಹಾಗಾಗಿ ಈ ಲೇಖನದಲ್ಲಿ ಅರ್ಧ ಜಾಗ ಎಣಿಕೆಗೇ ಹೋಗುತ್ತದೆ.

ಹಂತ 1: ಮೂರು ಮಟ್ಟ

ವಂಶವಾಹಿ, ಪ್ರಭೇದ, ಪರಿಸರ ವ್ಯವಸ್ಥೆ. ಒಂದು ಸಂಜೆಯ ಕೆಲಸ. ಒಂದೊಂದಕ್ಕೂ ಒಂದು ನಿಜವಾದ ಉದಾಹರಣೆ ಇಟ್ಟುಕೊಳ್ಳಿ. ವಂಶವಾಹಿಗೆ ನಾನು ಫ್ಲಾರಿಡಾದ ಪ್ಯಾಂಥರ್‌ ಕಥೆಯನ್ನೇ ಹೇಳುತ್ತೇನೆ; ಅಲ್ಲಿನ ಪ್ಯೂಮಾ ಎಂಬ ದೊಡ್ಡ ಕಾಡುಬೆಕ್ಕಿಗೆ ಹಾಗೆ ಹೆಸರು. ಹತ್ತಿರದ ನೆಂಟರಲ್ಲೇ ಕೂಡಿ ಕೂಡಿ, ಮರಿಗಳು ತಿರುಚಿದ ಬಾಲ, ಹೃದಯದ ದೋಷ ಹೊತ್ತು ಹುಟ್ಟುತ್ತಿದ್ದವು. 1995ರಲ್ಲಿ ಟೆಕ್ಸಾಸ್‌ನಿಂದ 8 ಹೆಣ್ಣು ಪ್ಯೂಮಾಗಳನ್ನು ತಂದು ಬಿಟ್ಟರು. ಆಮೇಲೆ ದೋಷಗಳು ಇಳಿದವು, ಸಂಖ್ಯೆಯೂ ಏರಿತು.

ಹಂತ 2: ಅಳತೆ

ಎಲ್ಲರೂ ಮುಗ್ಗರಿಸುವುದು ಇಲ್ಲೇ. ಹಾಳೆ, ಪೆನ್ಸಿಲ್, ಕ್ಯಾಲ್ಕುಲೇಟರ್ ತೆಗೆದುಕೊಂಡು ಕೂರಿ. ಸುಮ್ನೆ ಓದಿದರೆ ಇದು ತಲೆಗೆ ಹತ್ತುವುದಿಲ್ಲ.

ಎರಡು ಕಾಡಿನ ತುಂಡುಗಳಿವೆ ಅಂದುಕೊಳ್ಳಿ. ಎರಡರಲ್ಲೂ 100 ಮರ, 5 ಪ್ರಭೇದ. ಮೊದಲನೆಯದರಲ್ಲಿ ಪ್ರತಿ ಪ್ರಭೇದಕ್ಕೂ 20 ಮರ. ಎರಡನೆಯದರಲ್ಲಿ ಒಂದೇ ಪ್ರಭೇದದ 96 ಮರ, ಉಳಿದ ನಾಲ್ಕರದ್ದು ಒಂದೊಂದೇ. ಪ್ರಭೇದಗಳನ್ನಷ್ಟೇ ಎಣಿಸಿದರೆ ಎರಡೂ ಸಮ. ಆದರೆ ಎರಡನೆಯದರಲ್ಲಿ ಓಡಾಡಿದವರಿಗೆ ಎತ್ತ ನೋಡಿದರೂ ಅದೇ ಮರ, ಅಲ್ವಾ? ಮರಗಳು ಪ್ರಭೇದಗಳ ನಡುವೆ ಎಷ್ಟು ಸಮವಾಗಿ ಹಂಚಿಹೋಗಿವೆ ಎನ್ನುವುದಕ್ಕೇ ಸಮತೆ ಅನ್ನುತ್ತಾರೆ. ಎಣಿಕೆ ಮತ್ತು ಸಮತೆ, ಎರಡನ್ನೂ ಒಂದೇ ಅಂಕಿಯಲ್ಲಿ ಹಿಡಿಯುವುದು ಸೂಚ್ಯಂಕದ ಕೆಲಸ.

ಶ್ಯಾನನ್ ಸೂಚ್ಯಂಕ ಬಂದದ್ದು ಸಂಪರ್ಕ ತಂತ್ರಜ್ಞಾನದಿಂದ. ಕ್ಲಾಡ್ ಶ್ಯಾನನ್ 1948ರಲ್ಲಿ ಸಂದೇಶಗಳ ಲೆಕ್ಕಕ್ಕೆಂದು ಮಾಡಿದ್ದನ್ನು ಜೀವಶಾಸ್ತ್ರದವರು ಎತ್ತಿಕೊಂಡರು. ಪ್ರತಿ ಪ್ರಭೇದದ ಪಾಲನ್ನು ಅದೇ ಪಾಲಿನ ಲಾಗರಿದಂನಿಂದ ಗುಣಿಸಿ. ಎಲ್ಲವನ್ನೂ ಕೂಡಿ, ಮೈನಸ್ ಚಿಹ್ನೆ ಬಿಡಿ. ಮೊದಲ ಕಾಡಿಗೆ 1.61 ಬರುತ್ತದೆ, ಎರಡನೆಯದಕ್ಕೆ 0.22. ಒಮ್ಮೆ ಕೈಯಾರೆ ಮಾಡಿ ನೋಡಿ.

ಈಗ ಹಳ್ಳಗಳು. ಮೊದಲನೆಯದು ಲಾಗರಿದಂನ ಆಧಾರ. ನೈಸರ್ಗಿಕ ಲಾಗರಿದಂ ಬಳಸಿದರೆ ಮೊದಲ ಕಾಡಿಗೆ 1.61. ಆಧಾರ 2 ಆದರೆ 2.32. ಆಧಾರ 10 ಆದರೆ 0.70. ಕಾಡು ಅದೇ, ಅಂಕಿ ಮೂರು! ಬೇರೆ ಬೇರೆ ವರದಿಗಳ ಅಂಕಿ ಹೋಲಿಸುವ ಮುಂಚೆ ಯಾವ ಆಧಾರ ಅಂತ ನೋಡದವರು ಏನು ಬೇಕಾದರೂ ಸಾಧಿಸಿಬಿಡಬಹುದು.

ಎರಡನೆಯ ಹಳ್ಳ ಸಿಂಪ್ಸನ್ ಸೂಚ್ಯಂಕ. ಎಡ್ವರ್ಡ್ ಸಿಂಪ್ಸನ್ 1949ರಲ್ಲಿ ಕೊಟ್ಟದ್ದು. ಪ್ರತಿ ಪಾಲಿನ ವರ್ಗ ಮಾಡಿ ಕೂಡಿದರೆ ಮುಗಿಯಿತು. ಮೊದಲ ಕಾಡಿಗೆ 0.20, ಎರಡನೆಯದಕ್ಕೆ 0.92. ಕಣ್ಣು ಮುಚ್ಚಿ ಒಂದು ಮರ ಮುಟ್ಟಿ, ಮತ್ತೆ ಇನ್ನೊಂದು ಸಲ ಮುಟ್ಟಿದರೆ ಎರಡೂ ಒಂದೇ ಪ್ರಭೇದದ್ದಾಗಿರುವ ಸಾಧ್ಯತೆ ಅದು. ಅಂದರೆ ಅಂಕಿ ಹೆಚ್ಚಾದಷ್ಟೂ ವೈವಿಧ್ಯ ಕಮ್ಮಿ. ಇದು ಉಲ್ಟಾ ಅನ್ನಿಸಿ ಕೆಲವರು ಒಂದರಿಂದ ಕಳೆದು 0.80 ಅನ್ನುತ್ತಾರೆ. ಇನ್ನು ಕೆಲವರು ಒಂದನ್ನು ಇದರಿಂದ ಭಾಗಿಸಿ 5 ಅನ್ನುತ್ತಾರೆ. ಮೂರಕ್ಕೂ ಸಿಂಪ್ಸನ್ ಎಂದೇ ಹೆಸರು. ಉತ್ತರದಲ್ಲಿ ಯಾವ ರೂಪ ಎಂದು ಬರೆಯದಿದ್ದರೆ ನಾನಂತೂ ಅಂಕ ಕೊಡುವುದಿಲ್ಲ.

ಅಂತರ್ಜಾಲದಲ್ಲಿ ಸಿಗುವ ಸೂಚ್ಯಂಕದ ಕ್ಯಾಲ್ಕುಲೇಟರ್‌ಗಳನ್ನು ಇದೇ ಕಾರಣಕ್ಕೆ ದೂರ ಇಡಿ. ಆಧಾರ ಯಾವುದು, ರೂಪ ಯಾವುದು ಎಂದು ಎಷ್ಟೋ ಕಡೆ ಹೇಳುವುದೇ ಇಲ್ಲ. ಪರೀಕ್ಷೆಗೆಂದೇ ಅಚ್ಚಾಗುವ ರೆಡಿ ನೋಟ್ಸ್‌ ಇನ್ನೂ ಕೆಟ್ಟದ್ದು. ಒಂದೇ ಪುಟದಲ್ಲಿ ಎರಡು ರೂಪಗಳನ್ನು ಬೆರೆಸಿರುತ್ತಾರೆ.

ಮೂರನೆಯ ಹಳ್ಳ ಆಳದ್ದು. ಶ್ಯಾನನ್ ಅಂಕಿ ಎರಡರಷ್ಟಾದರೆ ವೈವಿಧ್ಯವೂ ಎರಡರಷ್ಟು ಎಂದು ಬರೆಯುತ್ತಾರೆ. ತಪ್ಪು. ಲಾಗರಿದಂ ಹಾಗೆ ನಡೆದುಕೊಳ್ಳುವುದಿಲ್ಲ. ಇದಕ್ಕೆ ದಾರಿಯಿದೆ. ಲಾಗರಿದಂನ ಆಧಾರವನ್ನು ಬಂದ ಅಂಕಿಯ ಘಾತಕ್ಕೇರಿಸಿ ಮತ್ತೆ ಪ್ರಭೇದಗಳ ಲೆಕ್ಕಕ್ಕೆ ತನ್ನಿ. ಮೊದಲ ಕಾಡಿಗೆ ಸರಿಯಾಗಿ 5 ಸಿಗುತ್ತದೆ, ಎರಡನೆಯದಕ್ಕೆ 1.25. ಹೆಸರಿಗೆ ಐದು ಪ್ರಭೇದ ಇದ್ದರೂ ಎರಡನೇ ಕಾಡು ಒಂದೂಕಾಲು ಪ್ರಭೇದದ ಕಾಡು! ಇದನ್ನು ಪರಿಣಾಮಕಾರಿ ಪ್ರಭೇದ ಸಂಖ್ಯೆ ಎನ್ನುತ್ತಾರೆ. ಕೇಳಿರಲಿ ಬಿಡಲಿ, ಪ್ರತಿ ಸಲವೂ ಇದನ್ನು ಬರೆಯಿರಿ.

ಇನ್ನೊಂದು ಮಾತು. ಹೆಚ್ಚು ಹೊತ್ತು ಹುಡುಕಿದವರಿಗೆ ಹೆಚ್ಚು ಪ್ರಭೇದ ಸಿಗುತ್ತದೆ. ಒಂದು ಜಾಗದಲ್ಲಿ ಒಂದು ದಿನ, ಇನ್ನೊಂದರಲ್ಲಿ ಒಂದು ವಾರ ಸುತ್ತಿ ಹೋಲಿಸಿದರೆ ನೀವು ಅಳೆದದ್ದು ಕಾಡನ್ನಲ್ಲ, ನಿಮ್ಮ ಶ್ರಮವನ್ನು. ಹುಡುಕಾಟ ಹೆಚ್ಚಿದಂತೆ ಪ್ರಭೇದಗಳ ಸಂಖ್ಯೆ ಹೇಗೆ ಏರುತ್ತದೆ ಎಂಬ ರೇಖೆ ಬರೆಯಿರಿ. ರೇಖೆ ಇನ್ನೂ ಏರುತ್ತಿದ್ದರೆ ಕೆಲಸ ಮುಗಿದಿಲ್ಲ. ಫೋಟೋ ನೋಡಿ ಗಿಡದ ಹೆಸರು ಹೇಳುವ ಆಪ್‌ಗಳು ಒಳ್ಳೆಯ ಊಹೆ ಕೊಡುತ್ತವೆ, ಆದರೆ ಊಹೆಯನ್ನೇ ಪಟ್ಟಿಗೆ ಸೇರಿಸಬೇಡಿ.

ಹಂತ 3: ಒಂದು ಜಾಗದಿಂದ ಹಲವು ಜಾಗಕ್ಕೆ

ಆಲ್ಫಾ, ಬೀಟಾ, ಗಾಮಾ. 1960ರಲ್ಲಿ ರಾಬರ್ಟ್ ವಿಟೇಕರ್ ಕೊಟ್ಟ ವಿಂಗಡಣೆ. ಒಂದು ಜಾಗದ ವೈವಿಧ್ಯ ಆಲ್ಫಾ. ಜಾಗದಿಂದ ಜಾಗಕ್ಕೆ ಇರುವ ವ್ಯತ್ಯಾಸ ಬೀಟಾ. ಇಡೀ ಪ್ರದೇಶದ್ದು ಗಾಮಾ. ವ್ಯಾಖ್ಯೆ ಎಲ್ಲರಿಗೂ ಬಾಯಿಪಾಠ. ಅದರಿಂದ ಏನು ಉಪಯೋಗ ಎಂದು ಕೇಳಿದರೆ ಮೌನ.

ಈ ಲೆಕ್ಕ ಮಾಡಿ. ಎರಡು ದ್ವೀಪಗಳು. ಒಂದೊಂದರಲ್ಲೂ 10 ಪ್ರಭೇದದ ಗಿಡ, ಎರಡೂ ಕಡೆ ಇರುವುದು ಒಂದೂ ಇಲ್ಲ. ಒಟ್ಟು 20. ಹೊರಗಿನಿಂದ ಅವೇ 5 ಪ್ರಭೇದಗಳು ಎರಡೂ ಕಡೆ ಬಂದು ಬೇರೂರುತ್ತವೆ. ಪ್ರತಿ ದ್ವೀಪದಲ್ಲೂ 4 ಸ್ಥಳೀಯ ಗಿಡಗಳು ಅಳಿಯುತ್ತವೆ. ಈಗ ಒಂದೊಂದು ದ್ವೀಪದಲ್ಲಿ 11. ಆಲ್ಫಾ ಏರಿತು! ಆದರೆ ಒಟ್ಟು 6, 6 ಮತ್ತು 5, ಅಂದರೆ 17. ಅಳಿದ ಎಂಟೂ ಬೇರೆಲ್ಲೂ ಇಲ್ಲದಿದ್ದರೆ ಭೂಮಿಯಿಂದಲೇ ಹೋದವು. "ನಮ್ಮ ಯೋಜನೆಯಿಂದ ಪ್ರಭೇದಗಳು ಹೆಚ್ಚಿವೆ" ಎನ್ನುವ ವರದಿ ಕಂಡರೆ ಎಲ್ಲಿನ ಎಣಿಕೆ, ಯಾವ ಪ್ರಭೇದಗಳು ಎಂದು ಕೇಳಿ.

ಹಂತ 4: ಆವಾಸ ಕುಗ್ಗಿದರೆ

ಜಾಗ ದೊಡ್ಡದಾದಷ್ಟೂ ಪ್ರಭೇದ ಜಾಸ್ತಿ, ಆದರೆ ಅದೇ ಪ್ರಮಾಣದಲ್ಲಿ ಅಲ್ಲ. ಆವಾಸದ ಹತ್ತರಲ್ಲಿ ಒಂಬತ್ತು ಪಾಲು ಹೋದರೆ ಸುಮಾರು ಅರ್ಧದಷ್ಟು ಪ್ರಭೇದ ಹೋಗುತ್ತದೆ ಎನ್ನುವುದು ಹಳೆಯ ಸ್ಥೂಲ ಲೆಕ್ಕ. ಅಂದಾಜು ಮಾತ್ರ, ನಿಯಮ ಅಲ್ಲ. ಅವು ಮರುದಿನವೇ ಹೋಗುವುದಿಲ್ಲ ಎನ್ನುವುದನ್ನು ಮರೆಯಬೇಡಿ. ದೀರ್ಘಾಯುಷಿ ಮರಗಳು ಮರಿಗಿಡ ಇಲ್ಲದೆಯೂ ದಶಕಗಟ್ಟಲೆ ನಿಂತಿರುತ್ತವೆ. ಹೀಗೆ ಬಾಕಿ ಉಳಿದ ನಷ್ಟಕ್ಕೆ ಅಳಿವಿನ ಸಾಲ ಎನ್ನುತ್ತಾರೆ.

ಹಂತ 5: ಕೆಂಪು ಪಟ್ಟಿ

ಪ್ರಕೃತಿ ಸಂರಕ್ಷಣೆಯ ಅಂತರರಾಷ್ಟ್ರೀಯ ಒಕ್ಕೂಟ ಐಯುಸಿಎನ್‌ನ ಕೆಂಪು ಪಟ್ಟಿ, ಅಂದರೆ ಯಾವ ಪ್ರಭೇದ ಅಳಿವಿಗೆ ಎಷ್ಟು ಹತ್ತಿರ ಎಂದು ಹೇಳುವ ಪಟ್ಟಿ, 1964ರಿಂದ ಇದೆ. ಕಮ್ಮಿ ಇದ್ದರೆ ಅಪಾಯ, ಜಾಸ್ತಿ ಇದ್ದರೆ ಕ್ಷೇಮ ಎಂದುಕೊಂಡು ಓದಬೇಡಿ. ಕುಸಿತದ ವೇಗಕ್ಕೂ ಅಲ್ಲಿ ಬೆಲೆಯಿದೆ. 10 ವರ್ಷ ಅಥವಾ ಮೂರು ತಲೆಮಾರು, ಇವುಗಳಲ್ಲಿ ಯಾವುದು ದೊಡ್ಡದೋ ಆ ಅವಧಿಯಲ್ಲಿ ಶೇ 30ರಷ್ಟು ಕುಸಿದರೆ ವಲ್ನರಬಲ್ (ಅಪಾಯಕ್ಕೆ ತುತ್ತಾಗಬಲ್ಲದ್ದು). ಶೇ 50 ಆದರೆ ಎಂಡೇಂಜರ್ಡ್ (ಅಳಿವಿನಂಚಿನದು). ಶೇ 80 ಆದರೆ ಕ್ರಿಟಿಕಲಿ ಎಂಡೇಂಜರ್ಡ್ (ತೀವ್ರ ಅಳಿವಿನಂಚಿನದು). ಕುಸಿತದ ಕಾರಣ ನಿಂತುಹೋಗಿದ್ದರೆ ಮಿತಿ ಸ್ವಲ್ಪ ಸಡಿಲ. ಉತ್ತರ ಅಮೆರಿಕದ ಪ್ಯಾಸೆಂಜರ್ ಪಾರಿವಾಳ ನೂರಾರು ಕೋಟಿ ಇದ್ದ ಹಕ್ಕಿ. ಕೊನೆಯದು ಸತ್ತದ್ದು 1914ರಲ್ಲಿ, ಸಿನ್ಸಿನಾಟಿ ಮೃಗಾಲಯದಲ್ಲಿ.

'ಮಾಹಿತಿ ಸಾಲದು' ಎಂಬ ವರ್ಗ ಕಂಡಾಗ ಅಪಾಯವಿಲ್ಲ ಎಂದು ಓದುವವರಿಗೆ ಕೊರತೆಯಿಲ್ಲ. ಗೊತ್ತಿಲ್ಲ ಎಂದಷ್ಟೇ ಅದರ ಅರ್ಥ.

ಹಂತ 6: ಕಾರಣಗಳು, ಒಪ್ಪಂದಗಳು

ಪ್ರಭೇದಗಳು ಅಳಿಯುವ ಕಾರಣಗಳಿಗೆ ಹಿಪ್ಪೋ (ಆವಾಸ ನಾಶ, ಆಕ್ರಮಣಕಾರಿ ಪ್ರಭೇದ, ಮಾಲಿನ್ಯ, ಜನಸಂಖ್ಯೆ, ಅತಿಬಳಕೆ, ಇವುಗಳ ಇಂಗ್ಲಿಷ್ ಮೊದಲಕ್ಷರಗಳು) ಎಂಬ ನೆನಪಿನ ಸೂತ್ರ ಬಿಟ್ಟುಬಿಡಿ. ಅದರಲ್ಲಿ ಹವಾಮಾನ ಬದಲಾವಣೆಗೆ ಜಾಗವೇ ಇಲ್ಲ. ಜೀವವೈವಿಧ್ಯದ ಅಂತರ-ಸರ್ಕಾರಿ ವಿಜ್ಞಾನ ವೇದಿಕೆ ಐಪಿಬಿಇಎಸ್‌ನ 2019ರ ವರದಿಯ ಕ್ರಮ ಚೆನ್ನಾಗಿದೆ: ನೆಲ ಮತ್ತು ಸಮುದ್ರದ ಬಳಕೆ ಬದಲಾದದ್ದು, ನೇರ ಬೇಟೆ ಮತ್ತು ಕೊಯ್ಲು, ಹವಾಮಾನ, ಮಾಲಿನ್ಯ, ಆಕ್ರಮಣಕಾರಿ ಪ್ರಭೇದಗಳು. ಒಪ್ಪಂದಗಳಿಗೆ ಒಂದು ಚೀಟಿ ಸಾಕು. ಜೌಗುಭೂಮಿಗೆ ರಾಮ್ಸಾರ್ 1971, ವನ್ಯಜೀವಿಗಳ ವ್ಯಾಪಾರಕ್ಕೆ ಸೈಟಿಸ್ 1973, ಜೀವವೈವಿಧ್ಯಕ್ಕೆ ರಿಯೋ 1992, 2030ರೊಳಗೆ ಶೇ 30 ನೆಲ-ನೀರು ಕಾಯುವ ಗುರಿಗೆ ಕುನ್ಮಿಂಗ್-ಮಾಂಟ್ರಿಯಲ್ 2022.

ಹಂತ 7: ಒಂದೇ ಜೀವಿಯನ್ನು ಪೂರ್ತಿ ಓದಿ

ಹತ್ತು ಪ್ರಾಣಿಗಳ ಬಗ್ಗೆ ಎರಡೆರಡು ಸಾಲು ಬೇಡ. ಒಂದನ್ನು ಆರಿಸಿ, ಅದು ಕುಸಿದದ್ದು ಯಾಕೆ, ಮಾಡಿದ್ದೇನು, ಆ ಕಾರಣ ಹೋಯಿತೇ ಎಂದು ಕೊನೆಯವರೆಗೆ ಹಿಂಬಾಲಿಸಿ. ನಾನು ಹೇಳುವುದು ಕ್ಯಾಲಿಫೋರ್ನಿಯಾ ಕಾಂಡೋರ್ ಎಂಬ ರಣಹದ್ದಿನ ಕಥೆ. 1987ರಲ್ಲಿ ಕಾಡಲ್ಲಿ ಉಳಿದಿದ್ದ ಕೊನೆಯ ಹಕ್ಕಿಯನ್ನೂ ಹಿಡಿದರು. ಜಗತ್ತಿನಲ್ಲಿ ಉಳಿದಿದ್ದದ್ದು 27 ಮಾತ್ರ, ಎಲ್ಲವೂ ಪಂಜರದಲ್ಲಿ. ಮರಿ ಮಾಡಿಸಿ 1992ರಿಂದ ಮತ್ತೆ ಬಿಡಲು ಶುರು ಮಾಡಿದರು. ಬಿಟ್ಟ ಹಕ್ಕಿಗಳು ಸೀಸದ ವಿಷಕ್ಕೆ ಸಾಯತೊಡಗಿದವು. ಗುಂಡು ತಗುಲಿ ಸತ್ತ ಪ್ರಾಣಿಗಳನ್ನು ತಿಂದಾಗ ಗುಂಡಿನ ಚೂರುಗಳೂ ಹೊಟ್ಟೆ ಸೇರುತ್ತಿದ್ದವು. ಬೇಟೆಗೆ ಸೀಸದ ಗುಂಡು ಬಳಸುವುದನ್ನು ಕ್ಯಾಲಿಫೋರ್ನಿಯಾ ಪೂರ್ತಿಯಾಗಿ ನಿಷೇಧಿಸಿದ್ದು 2019ರಲ್ಲಿ. ಮರಿಗಳ ಸಂಖ್ಯೆಯನ್ನಷ್ಟೇ ಬರೆದು ಯೋಜನೆ ಗೆದ್ದಿತು ಎಂದು ಮುಗಿಸುವ ಉತ್ತರದಲ್ಲಿ ಈ ಸೀಸದ ಮಾತೇ ಇರುವುದಿಲ್ಲ. ಅರ್ಧ ಅಂಕ ಹೋಗುವುದು ಅಲ್ಲಿಯೇ.