ಮಾಗಿ ಹಬ್ಬಕ್ಕೆ ಮೊದಲು ಠರಾವು ಮಾಡಿಸಿ: ವಾರ್ಡಿನಲ್ಲಿ ಸಂಕ್ರಾಂತಿ ನಡೆಸುವುದು ಹೇಗೆ?

ಡಿಸೆಂಬರ್, ಜನವರಿ ಅಂದರೆ ನಮ್ಮ ಸಣ್ಣ ಊರುಗಳಲ್ಲಿ ಹಬ್ಬಕ್ಕೆ ಹೇಳಿ ಮಾಡಿಸಿದ ಕಾಲ. ಮಳೆಯ ಕಾಟ ಇಲ್ಲ, ಸಂಜೆ ಹಿತವಾದ ಚಳಿ, ಸಂತೆ ತುಂಬ ಸೊಗಡಿನ ಅವರೆಕಾಯಿ. ಬಡಾವಣೆಯವರೆಲ್ಲ ಸೇರಿ ಈ ಸಲ ಸಂಕ್ರಾಂತಿ ಒಟ್ಟಿಗೆ ಮಾಡೋಣ ಅನ್ನುವ ಮಾತು ಎಲ್ಲ ಕಡೆಯೂ ಬರುತ್ತದೆ. ಯಾರೋ ಒಬ್ಬರು ವಾರ್ಡಿನ ಸದಸ್ಯರಿಗೆ ಫೋನ್ ಮಾಡುತ್ತಾರೆ. 'ಮಾಡಿ ಮಾಡಿ, ನಾನು ನೋಡ್ಕೊತೀನಿ' ಅಂತ ಅವರೂ ಹೇಳುತ್ತಾರೆ. ಹಬ್ಬದ ಹಿಂದಿನ ದಿನ ಹೋಗಿ ನೋಡಿದರೆ ಮೈದಾನದಲ್ಲಿ ಇನ್ಯಾರದೋ ಶಾಮಿಯಾನ, ನೀರಿನ ಟ್ಯಾಂಕರ್ ಪತ್ತೆ ಇಲ್ಲ, ಮೈಕಿಗೆ ಪೊಲೀಸರ ಒಪ್ಪಿಗೆ ಇಲ್ಲ.

ಸದಸ್ಯರು ಕೆಟ್ಟವರು ಅಂತಲ್ಲ. ಬಾಯಿಮಾತಿನ ಒಪ್ಪಿಗೆ ಒಬ್ಬರ ಉಪಕಾರ, ಅಷ್ಟೇ. ಅವರು ಮರೆತರೆ, ಮುನಿಸಿಕೊಂಡರೆ, ಅವಧಿ ಮುಗಿಸಿ ಹೋದರೆ ಅದೂ ಹೋಯಿತು. ಪೌರಸಭೆಯ ಸಭೆಯಲ್ಲಿ ಆದ ಠರಾವು, ಅಂದರೆ ನಿರ್ಣಯ, ಹಾಗಲ್ಲ, ಅದು ಇಡೀ ಊರಿನ ತೀರ್ಮಾನ. ನಡಾವಳಿ ಪುಸ್ತಕದಲ್ಲಿ ಉಳಿಯುತ್ತದೆ, ಮುಂದಿನ ವರ್ಷವೂ ತೋರಿಸಿ ಕೇಳಬಹುದು. ಮೈದಾನವೂ ಬೀದಿದೀಪವೂ ನಮ್ಮ ತೆರಿಗೆಯವೇ ಅಲ್ವಾ? ಅವನ್ನು ಹಬ್ಬಕ್ಕೆ ಬಳಸಲು ಯಾರ ಮರ್ಜಿಯನ್ನೂ ಕಾಯಬೇಕಾಗಿಲ್ಲ. ಆದರೆ ದಾರಿ ಗೊತ್ತಿರಬೇಕು.

1. ನಿಮ್ಮೂರಿನ ಆಡಳಿತ ಯಾವುದು, ಈಗ ಯಾರ ಕೈಲಿದೆ?

ಕರ್ನಾಟಕದಲ್ಲಿ ಸುಮಾರು 10 ಸಾವಿರದಿಂದ 20 ಸಾವಿರ ಜನ ಇರುವ ಊರಿಗೆ ಪಟ್ಟಣ ಪಂಚಾಯಿತಿ, 50 ಸಾವಿರದವರೆಗೆ ಪುರಸಭೆ, ಅಲ್ಲಿಂದ 3 ಲಕ್ಷದವರೆಗೆ ನಗರಸಭೆ. ಮೂರೂ ನಡೆಯುವುದು 1964ರ ಕರ್ನಾಟಕ ಪೌರಸಭೆಗಳ ಕಾಯ್ದೆಯ ಪ್ರಕಾರ. ನಗರಸಭೆಯಲ್ಲಿ ಅರ್ಜಿ ಪೌರಾಯುಕ್ತರಿಗೆ ಹೋಗಬೇಕು, ಪುರಸಭೆ ಮತ್ತು ಪಟ್ಟಣ ಪಂಚಾಯಿತಿಯಲ್ಲಿ ಮುಖ್ಯಾಧಿಕಾರಿಗೆ.

ಒಂದು ವಿಷಯ ಮೊದಲೇ ವಿಚಾರಿಸಿಕೊಳ್ಳಿ. ಸದಸ್ಯರ ಅವಧಿ ಮುಗಿದು ಚುನಾವಣೆ ಆಗದಿದ್ದರೆ, ಆಡಳಿತಾಧಿಕಾರಿ ಇರುತ್ತಾರೆ. ಅನೇಕ ಕಡೆ ಜಿಲ್ಲಾಧಿಕಾರಿಯೋ ಉಪವಿಭಾಗಾಧಿಕಾರಿಯೋ ಆ ಕೆಲಸ ನೋಡುತ್ತಾರೆ. ಆಗ ಅರ್ಜಿಯ ಒಂದು ಪ್ರತಿ ಅವರಿಗೂ ಕೊಡಿ. ಚುನಾವಣೆ ಘೋಷಣೆಯಾಗಿ ನೀತಿಸಂಹಿತೆ ಜಾರಿಯಲ್ಲಿದ್ದರೆ ವೇದಿಕೆಗೆ ಯಾವ ಅಭ್ಯರ್ಥಿಯನ್ನೂ ಕರೆಯಬೇಡಿ.

'ಹಬ್ಬ ಮಾಡಿಸುವುದು ನಮ್ಮ ಕೆಲಸ ಅಲ್ಲ' ಅಂತ ಯಾರಾದರೂ ಅಂದರೆ ತಬ್ಬಿಬ್ಬಾಗಬೇಡಿ. ಸಂವಿಧಾನದ 74ನೇ ತಿದ್ದುಪಡಿ 1993ರ ಜೂನ್ 1ರಿಂದ ಜಾರಿಗೆ ಬಂತು. ಅದರ ಜತೆ ಬಂದ 12ನೇ ಅನುಸೂಚಿಯಲ್ಲಿ ಪೌರಸಭೆಗಳಿಗೆ ವಹಿಸಬಹುದಾದ 18 ಬಾಬತ್ತುಗಳಿವೆ. ಬೀದಿದೀಪ, ಉದ್ಯಾನ, ಆಟದ ಮೈದಾನದ ಜತೆಗೆ ಸಾಂಸ್ಕೃತಿಕ ಚಟುವಟಿಕೆಗಳಿಗೆ ಉತ್ತೇಜನ ಕೊಡುವುದೂ ಅದರಲ್ಲಿದೆ.

2. ಜಾಗ ಯಾರದ್ದು ಅಂತ ಪತ್ತೆ ಮಾಡಿ

ಇದನ್ನು ನವೆಂಬರ್‌ನಲ್ಲೇ ಮುಗಿಸಿ. ಊರಿನ ಮುಖ್ಯರಸ್ತೆ ಅನೇಕ ಸಲ ಪೌರಸಭೆಯದ್ದೇ ಅಲ್ಲ, ಲೋಕೋಪಯೋಗಿ ಇಲಾಖೆಯದ್ದು ಅಥವಾ ಹೆದ್ದಾರಿಯದ್ದು. ಅಲ್ಲಿ ನಗರಸಭೆಯ ಠರಾವು ಒಂದರಿಂದಲೇ ಏನೂ ಆಗಲ್ಲ. ಶಾಲೆಯ ಮೈದಾನವಾದರೆ ಮುಖ್ಯ ಶಿಕ್ಷಕರು ಮತ್ತು ಶಿಕ್ಷಣ ಇಲಾಖೆಯ ಒಪ್ಪಿಗೆ ಬೇಕು. ಪಾರ್ಕು ಬೇಡವೇ ಬೇಡ ಅನ್ನುತ್ತೇನೆ. ಉದ್ಯಾನ ಮತ್ತು ಬಯಲು ಜಾಗಗಳ ರಕ್ಷಣೆಗೆ ಅಂತಲೇ 1985ರ ಕಾಯ್ದೆ ಇದೆ, ಜತೆಗೆ ಗಿಡ ಹುಲ್ಲೆಲ್ಲ ತುಳಿತಕ್ಕೆ ಸಿಕ್ಕಿ ಹಾಳಾಗುತ್ತದೆ. ಪೌರಸಭೆಯ ಮೈದಾನ ಅಥವಾ ವಾಹನ ಓಡಾಟ ಕಡಿಮೆ ಇರುವ ಒಳರಸ್ತೆ ಒಳ್ಳೆಯದು.

3. ದುಡ್ಡು ಕೇಳಬೇಡಿ, ಸೇವೆ ಕೇಳಿ

ಬಹಳ ಅರ್ಜಿಗಳು ಮೂಲೆ ಸೇರುವುದು ಇಲ್ಲೇ. 'ಹಬ್ಬಕ್ಕೆ 50 ಸಾವಿರ ಅನುದಾನ ಕೊಡಿ' ಅಂತ ಬರೆದರೆ ಲೆಕ್ಕ ಶಾಖೆಯವರು ಬಜೆಟ್‌ನಲ್ಲಿ ಆ ಬಾಬ್ತು ಎಲ್ಲಿದೆ ಅಂತ ಕೇಳುತ್ತಾರೆ. ಅವರು ಕೇಳುವುದು ಸರಿಯೇ. ಖರ್ಚಿಗೆ ಲೆಕ್ಕಶೀರ್ಷಿಕೆ ಬೇಕು, ಖರೀದಿಗೆ 1999ರ ಪಾರದರ್ಶಕತೆ ಕಾಯ್ದೆಯ ನಿಯಮ ಇದೆ, ಆಮೇಲೆ ಲೆಕ್ಕಪರಿಶೋಧನೆ ಇದೆ.

ಅದರ ಬದಲು ಅವರ ಹತ್ತಿರ ಈಗಾಗಲೇ ಇರುವುದನ್ನು ಕೇಳಿ. ಮೈದಾನದ ಬಾಡಿಗೆ ಮಾಫಿ, ಹಿಂದಿನ ದಿನ ಮುಳ್ಳುಗಿಡ ತೆಗೆದು ಚೊಕ್ಕಟ ಮಾಡುವುದು, ಒಂದು ನೀರಿನ ಟ್ಯಾಂಕರ್, ಕೆಟ್ಟುಹೋದ ಬೀದಿದೀಪಗಳ ರಿಪೇರಿ, ಕಸದ ಆಟೊ, ಇದ್ದರೆ ಸಂಚಾರಿ ಶೌಚಾಲಯ. ಬೀದಿದೀಪ ಮಾತ್ರ ಮರೆಯಬೇಡಿ. ಜನವರಿಯಲ್ಲಿ ಆರೂಕಾಲಕ್ಕೆಲ್ಲ ಹೊತ್ತು ಮುಳುಗುತ್ತದೆ. ಕತ್ತಲಿದ್ದರೆ ಅಜ್ಜಿಯರೂ ಚಿಕ್ಕ ಮಕ್ಕಳ ತಾಯಂದಿರೂ ಬರುವುದಿಲ್ಲ. ಅವರಿಲ್ಲದ ಸಂಕ್ರಾಂತಿ ಎಂಥ ಸಂಕ್ರಾಂತಿ? ಬಡಾವಣೆಯಲ್ಲಿ ಕ್ರೈಸ್ತರ ಮನೆಗಳಿದ್ದರೆ ಅವರೊಂದಿಗೂ ಕೂತು ಮಾತಾಡಿ. ದೀಪದ ರಿಪೇರಿ, ಸ್ವಚ್ಛತೆ ಎರಡನ್ನೂ ಡಿಸೆಂಬರ್ 24ರ ಒಳಗೇ ಕೇಳಿದರೆ ಗೋದಲಿ ನೋಡಲು ಬರುವವರಿಗೂ ಅನುಕೂಲ.

ಎಳ್ಳು, ಬೆಲ್ಲ, ಕಬ್ಬು, ಶಾಮಿಯಾನದ ಖರ್ಚು ಬಡಾವಣೆಯವರೇ ಹಂಚಿಕೊಳ್ಳಿ. ಯಾರು ಎಷ್ಟು ಕೊಟ್ಟರು ಅಂತ ಹಲಗೆ ಮೇಲೆ ಹೆಸರು ಬರೆಯಬೇಡಿ. ಕೊಡಲಾಗದವರ ಮನೆಯ ಮಕ್ಕಳೂ ಅದೇ ಹಲಗೆ ಮುಂದೆ ಆಡುತ್ತಿರುತ್ತಾರೆ.

4. ಅರ್ಜಿ ಬರೆಯುವ ರೀತಿ

ಒಂದೇ ಪುಟ ಸಾಕು. 'ಮಾನ್ಯರೇ, ತಮ್ಮ ಘನ ಆಡಳಿತದಲ್ಲಿ' ಅಂತ ಶುರು ಮಾಡಬೇಡಿ. ವಿಷಯದ ಸಾಲು ಹೀಗಿರಲಿ:

'ವಿಷಯ: ಜನವರಿ 14ರಂದು ಮಧ್ಯಾಹ್ನ 3ರಿಂದ ರಾತ್ರಿ 9ರವರೆಗೆ 12ನೇ ವಾರ್ಡಿನ ಮೈದಾನದಲ್ಲಿ ಸಾರ್ವಜನಿಕ ಸಂಕ್ರಾಂತಿ ಹಬ್ಬ ನಡೆಸಲು ಸ್ಥಳ ಹಾಗೂ ಸೇವೆ ಒದಗಿಸುವ ಬಗ್ಗೆ, ಮತ್ತು ಈ ವಿಷಯವನ್ನು ಮುಂದಿನ ಸಾಮಾನ್ಯ ಸಭೆಯ ಕಾರ್ಯಸೂಚಿಗೆ ಸೇರಿಸುವಂತೆ ಕೋರಿ.'

ಕೊನೆಯ ಭಾಗವೇ ಅರ್ಜಿಯ ಜೀವ. ಅದಿಲ್ಲದಿದ್ದರೆ ಕಾಗದ ಗುಮಾಸ್ತರ ಮೇಜಿನಲ್ಲೇ ಉಳಿಯುತ್ತದೆ. ಸಂಕ್ರಾಂತಿ ಕೆಲವು ವರ್ಷ 15ಕ್ಕೆ ಬರುತ್ತದೆ, ಪಂಚಾಂಗ ನೋಡಿ ತಾರೀಖು ಹಾಕಿ. ಎಷ್ಟು ಜನ ಬರಬಹುದು, ಬೆಂಕಿ ಹಾಕುತ್ತೀರಾ, ಊಟ ಇದೆಯಾ, ಮೈಕ್ ಇದೆಯಾ ಅಂತ ನೇರವಾಗಿ ಬರೆಯಿರಿ. ಮುಚ್ಚಿಟ್ಟರೆ ಆಮೇಲೆ ನಿಮಗೇ ತೊಂದರೆ. ಕೆಳಗೆ ಸಹಿ ಹಾಕುವವರಲ್ಲಿ ಹೆಂಗಸರು ಅರ್ಧದಷ್ಟಾದರೂ ಇರಲಿ. ಹಬ್ಬದ ಕೆಲಸದಲ್ಲಿ ಅವರ ಪಾಲೇ ಜಾಸ್ತಿ, ತೀರ್ಮಾನದಲ್ಲೂ ಇರಬೇಕು.

ಎರಡು ಪ್ರತಿ ತೆಗೆದುಕೊಂಡು ಹೋಗಿ ಟಪಾಲು ಶಾಖೆಗೆ ಕೊಡಿ. ಒಂದರ ಮೇಲೆ ಮೊಹರು, ತಾರೀಖು, ಇನ್‌ವರ್ಡ್ ನಂಬರ್ ಹಾಕಿಸಿಕೊಂಡೇ ಹೊರಗೆ ಬನ್ನಿ. 'ಸುಮ್ನೆ ಇಟ್ಟು ಹೋಗಿ ಸಾರ್, ನಾವು ಹಾಕ್ತೀವಿ' ಅಂದರೂ ಒಪ್ಪಬೇಡಿ.

5. ಅಜೆಂಡಾದಿಂದ ಠರಾವಿನವರೆಗೆ

ಸಾಮಾನ್ಯ ಸಭೆ ತಿಂಗಳಿಗೊಮ್ಮೆ ನಡೆಯಬೇಕು. ಎಷ್ಟೋ ಊರುಗಳಲ್ಲಿ ಅದು ಮುಂದೆ ಮುಂದೆ ಹೋಗುತ್ತದೆ. ಹಾಗಾಗಿ ಡಿಸೆಂಬರ್ ಸಭೆಯೊಂದನ್ನೇ ನೆಚ್ಚಬೇಡಿ, ನವೆಂಬರ್ ಮಧ್ಯದಲ್ಲೇ ಅರ್ಜಿ ಒಳಗೆ ಹೋಗಿರಲಿ. ಸಭೆಗೆ ಮುಂಚೆ ಎಲ್ಲ ಸದಸ್ಯರಿಗೂ ನೋಟಿಸಿನ ಜತೆ ವಿಷಯಪಟ್ಟಿ ಹೋಗುತ್ತದೆ. ಅದರಲ್ಲಿ ನಿಮ್ಮ ವಿಷಯ ಇದೆಯಾ ಅಂತ ನಿಮ್ಮ ಸದಸ್ಯರ ಹತ್ತಿರ ಕೇಳಿ ನೋಡಿ.

ಇಲ್ಲದಿದ್ದರೆ ಇನ್ನೂ ಒಂದು ದಾರಿ ಇದೆ. ಪಟ್ಟಿಯ ಕೊನೆಗೆ ಸಾಮಾನ್ಯವಾಗಿ 'ಅಧ್ಯಕ್ಷರ ಅನುಮತಿಯಿಂದ ಬರುವ ಇತರೆ ವಿಷಯಗಳು' ಅಂತ ಒಂದು ಸಾಲು ಇರುತ್ತದೆ. ಅದರಡಿ ನಿಮ್ಮ ಸದಸ್ಯರು ವಿಷಯ ಎತ್ತಬಹುದು. ಆದರೆ ಸಭೆ ಮುಗಿಯುವ ಹೊತ್ತಿಗೆ ಕುರ್ಚಿಗಳು ಖಾಲಿಯಾಗುತ್ತಿರುತ್ತವೆ, ಚರ್ಚೆ ಆಗುವುದಿಲ್ಲ. ಪಟ್ಟಿಯಲ್ಲೇ ಬರುವುದು ಲೇಸು.

ಬರೀ ನಿಮ್ಮ ವಾರ್ಡಿನ ಸದಸ್ಯರನ್ನು ನಂಬಿ ಕೂರಬೇಡಿ. ಬೇರೆ ಪಕ್ಷದ ಇಬ್ಬರು ಮೂವರನ್ನೂ ಕಂಡು ಮಾತಾಡಿ. ಆಡಳಿತ ಪಕ್ಷದ ವಾರ್ಡಿಗೆ ಮಾತ್ರ ಟ್ಯಾಂಕರ್ ಅಂತ ಗಲಾಟೆ ಎದ್ದರೆ ವಿಷಯ ಮುಂದಿನ ಸಭೆಗೆ ಹೋಗುತ್ತದೆ. ಅಷ್ಟರಲ್ಲಿ ಸಂಕ್ರಾಂತಿ ಕಳೆದಿರುತ್ತದೆ. 'ಯಾವ ವಾರ್ಡಿನವರು ಕೇಳಿದರೂ ಇದೇ ಸೌಲಭ್ಯ' ಅಂತ ಠರಾವಿನಲ್ಲಿ ಸೇರಿಸಲು ನೀವೇ ಸೂಚಿಸಿ. ಆಗ ವಿರೋಧ ಮಾಡುವುದು ಕಷ್ಟ, ಮತ್ತು ಅದೇ ನ್ಯಾಯ ಕೂಡ.

ಠರಾವು ಆದ ಮೇಲೆ ನಿಮ್ಮ ಅರ್ಜಿಗೆ ಹಿಂಬರಹ, ಅಂದರೆ ಕಚೇರಿಯ ಲಿಖಿತ ಉತ್ತರ, ಕೇಳಿ. ಅದರಲ್ಲಿ ಏನೇನು ಕೊಡುತ್ತಾರೆ, ಯಾವ ಶಾಖೆ ಹೊಣೆ ಅನ್ನುವುದು ಇರಬೇಕು. ಹಿಂಬರಹವೂ ಇಲ್ಲ, ಮಾಹಿತಿಯೂ ಇಲ್ಲ ಅಂದರೆ ಮಾಹಿತಿ ಹಕ್ಕು ಕಾಯ್ದೆಯಡಿ 10 ರೂಪಾಯಿ ಶುಲ್ಕ ಕಟ್ಟಿ ನಡಾವಳಿಯ ಪ್ರತಿ ಕೇಳಬಹುದು. ಉತ್ತರಕ್ಕೆ 30 ದಿನದ ಗಡುವು ಇರುವುದರಿಂದ ಈ ವರ್ಷದ ಹಬ್ಬಕ್ಕೆ ಅದು ಆಗಿಬರಲಿಕ್ಕಿಲ್ಲ, ಮುಂದಿನ ವರ್ಷಕ್ಕೆ ಕೈಗೆ ಬರುತ್ತದೆ.

6. ಪೊಲೀಸ್, ಕರೆಂಟು, ತಿಂಡಿ ಅಂಗಡಿ

ಧ್ವನಿವರ್ಧಕಕ್ಕೆ ಠಾಣೆಯಲ್ಲಿ ಲಿಖಿತ ಅನುಮತಿ ಪಡೆಯಿರಿ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಮೈಕ್ ಹಾಕುವಂತಿಲ್ಲ. ವಸತಿ ಪ್ರದೇಶದಲ್ಲಿ ಹಗಲಿನ ಮಿತಿ 55 ಡೆಸಿಬಲ್. ಕೋಲಾಟಕ್ಕೆ, ಸೋಬಾನೆಗೆ, ರಾಗಿ ಬೀಸುವ ಪದಕ್ಕೆ ದೊಡ್ಡ ಸೌಂಡ್ ಬಾಕ್ಸ್ ಯಾಕೆ ಬೇಕು? ಹಾಡುವವರಿಗೆ ಒಂದು ಮೈಕು ಸಾಕು. ರಸ್ತೆ ಬಂದ್ ಮಾಡುವುದಿದ್ದರೆ ಸಂಚಾರ ಬದಲಾವಣೆಯ ಅರ್ಜಿಯನ್ನೂ ಪೊಲೀಸರಿಗೆ ಈಗಲೇ ಕೊಡಿ.

ಕಂಬದಿಂದ ತಂತಿ ಎಳೆಯುವುದು ಅಪರಾಧ, ಜೀವಕ್ಕೂ ಅಪಾಯ. ಬೆಸ್ಕಾಂ, ಹೆಸ್ಕಾಂ, ಮೆಸ್ಕಾಂ, ಜೆಸ್ಕಾಂ, ಸೆಸ್ಕ್ ಯಾವುದೇ ಇರಲಿ, ತಾತ್ಕಾಲಿಕ ಸಂಪರ್ಕ ಕೊಡುತ್ತಾರೆ. ಉಪವಿಭಾಗದ ಕಚೇರಿಯಲ್ಲಿ ಕೇಳಿ.

ತಿಂಡಿ ಅಂಗಡಿಗೆ ಹೊರಗಿನ ದೊಡ್ಡ ಗುತ್ತಿಗೆದಾರರನ್ನು ಕರೆಯುವ ಬದಲು ನಿಮ್ಮೂರಿನ ಬೀದಿಬದಿ ವ್ಯಾಪಾರಿಗಳಿಗೇ ಜಾಗ ಕೊಡಿ. ವರ್ಷವಿಡೀ ನಮಗೆ ಕಡಲೆಕಾಯಿ, ಗೆಣಸು ಮಾರುವವರು ಹಬ್ಬದ ದಿನ ನಾಲ್ಕು ಕಾಸು ಕಾಣಲಿ.

7. ಕಿಚ್ಚು ಹಾಯಿಸುವುದಿದ್ದರೆ

ಮಂಡ್ಯ, ಮೈಸೂರು ಕಡೆ ಕಿಚ್ಚಿಲ್ಲದೆ ಸಂಕ್ರಾಂತಿ ಮುಗಿಯುವುದಿಲ್ಲ. ದನಗಳ ಮೈ ತೊಳೆದು, ಅರಿಸಿನ ಹಚ್ಚಿ, ಕೊಂಬಿಗೆ ಬಣ್ಣ ಬಳಿದು, ಕೊರಳಿಗೆ ಹೂ ಕಟ್ಟಿ, ಉರಿಯುವ ಹುಲ್ಲಿನ ಮೇಲೆ ಹಾಯಿಸಲು ಕರೆತರುತ್ತಾರೆ. ಊರೊಳಗೆ ಇದನ್ನು ಮಾಡುವಾಗ ಮಾತ್ರ ಹಳ್ಳಿಗಿಂತ ಜಾಸ್ತಿ ಎಚ್ಚರ ಬೇಕು.

ಡಾಂಬರಿನ ಮೇಲೆ ನೇರವಾಗಿ ಹುಲ್ಲು ಹಾಕಬೇಡಿ, ರಸ್ತೆ ಹಾಳಾಗುತ್ತದೆ. ಮೊದಲು ಮಣ್ಣನ್ನೋ ಮರಳನ್ನೋ ದಪ್ಪಗೆ ಹರಡಿ. ಅದರ ಮೇಲೆ ಒಣ ಭತ್ತದ ಹುಲ್ಲನ್ನು ತೆಳುವಾಗಿ ಒಂದೇ ಸಾಲಿನಲ್ಲಿ ಹಾಸಿ. ಗುಡ್ಡೆ ಹಾಕಿದರೆ ಉರಿ ಎತ್ತರಕ್ಕೇಳುತ್ತದೆ, ದನ ಹೆದರಿ ಜನರ ಮೇಲೆ ನುಗ್ಗುತ್ತದೆ. ಮೇಲೆ ವಿದ್ಯುತ್ ತಂತಿ, ಪಕ್ಕದಲ್ಲಿ ಶಾಮಿಯಾನ ಅಥವಾ ನಿಲ್ಲಿಸಿದ ಬೈಕ್ ಇರಬಾರದು. ಜನ ಎರಡೂ ಬದಿಗೆ ಹಗ್ಗದ ಆಚೆ ನಿಲ್ಲಲಿ. ದನ ಓಡಿಹೋಗುವ ಕಡೆ ಮಾತ್ರ ಪೂರ್ತಿ ಖಾಲಿ ಇರಬೇಕು. ಫೋನ್ ಹಿಡಿದು ವಿಡಿಯೊ ಮಾಡುವವರು ಸೇರುವುದು ಅಲ್ಲೇ, ಅವರನ್ನು ತಡೆಯಲು ಇಬ್ಬರನ್ನು ನೇಮಿಸಿ. ಪಟಾಕಿ ಬೇಡ. ಹಿಂಜರಿದ ದನವನ್ನು ಬಾಲ ತಿರುಚಿ, ಹೊಡೆದು ನುಗ್ಗಿಸಬೇಡಿ. ವರ್ಷವಿಡೀ ದುಡಿದ ಮೂಕಜೀವಕ್ಕೆ ಹಬ್ಬದ ದಿನವೂ ಏಟು ಕೊಡುವುದು ಯಾವ ಸಂಪ್ರದಾಯವೂ ಅಲ್ಲ. ತುಂಬಿದ ಟ್ಯಾಂಕರ್ ಹತ್ತಿರದಲ್ಲೇ ನಿಂತಿರಲಿ, ಅಗ್ನಿಶಾಮಕ ಠಾಣೆಗೆ ಮುಂಚೆಯೇ ತಿಳಿಸಿರಿ.

ಕಿಚ್ಚಿನ ರೂಢಿ ಇಲ್ಲದ ಊರಿನವರು ಅದನ್ನು ಹೊಸದಾಗಿ ತರಬೇಕಾಗಿಲ್ಲ. ಉತ್ತರ ಕರ್ನಾಟಕದವರಿಗೆ ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಮಾದಲಿ ಕಟ್ಟಿಕೊಂಡು ಹೊಳೆದಂಡೆಗೆ ಹೋಗುವುದೇ ಹಬ್ಬ.

8. ಕಸ ಮತ್ತು ಪೌರಕಾರ್ಮಿಕರು

ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಮೂರು ಕೆಲಸದ ದಿನ ಮೊದಲೇ ಸ್ಥಳೀಯ ಸಂಸ್ಥೆಗೆ ತಿಳಿಸಬೇಕು, ಕಸ ಅಲ್ಲೇ ಬೇರ್ಪಡಿಸಬೇಕು ಅನ್ನುವುದು 2016ರ ಘನತ್ಯಾಜ್ಯ ನಿಯಮಗಳಲ್ಲೇ ಬಂದಿದೆ. ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ ದೇಶದಾದ್ಯಂತ 2022ರ ಜುಲೈ 1ರಿಂದ ನಿಷೇಧ. ನಮ್ಮ ರಾಜ್ಯದಲ್ಲಿ ಫ್ಲೆಕ್ಸಿಗೂ 2016ರಿಂದಲೇ ನಿಷೇಧ ಇದೆ, ಬಟ್ಟೆಯ ಬ್ಯಾನರ್ ಬರೆಸಿ. ಊಟಕ್ಕೆ ಮುತ್ತುಗದ ಎಲೆ ಅಥವಾ ಅಡಿಕೆ ಹಾಳೆ. ಎಳ್ಳು ಬೀರುವುದಕ್ಕೂ ಪ್ಲಾಸ್ಟಿಕ್ ಕವರ್ ಬೇಡ. ಎಳ್ಳು, ಅಚ್ಚುಕಟ್ಟಾಗಿ ಹೆಚ್ಚಿದ ಬೆಲ್ಲ, ಒಣಕೊಬ್ಬರಿ, ಹುರಿದ ಕಡಲೆಬೀಜ, ಹುರಿಗಡಲೆ ಬೆರೆಸಿ ದೊಡ್ಡ ಪಾತ್ರೆಯಲ್ಲಿಡಿ. ಬರುವವರು ಮನೆಯಿಂದ ಡಬ್ಬಿ ತರಲಿ.

ಕಬ್ಬಿನ ಸಿಪ್ಪೆ ಮಾತ್ರ ರಾಶಿ ಬೀಳುತ್ತದೆ. ಅದಕ್ಕೆ ನಾಲ್ಕು ಮೂಲೆಯಲ್ಲೂ ಗೋಣಿಚೀಲ ಕಟ್ಟಿ. ಹಬ್ಬ ಮುಗಿದ ರಾತ್ರಿಯೇ ಬಡಾವಣೆಯವರು ಸೇರಿ ಗುಡಿಸಿ, ಹಸಿ ಕಸ ಒಣ ಕಸ ಬೇರೆ ಮಾಡಿ ಒಂದು ಕಡೆ ಇಡಿ. ಬೆಳಿಗ್ಗೆ ಬರುವ ಪೌರಕಾರ್ಮಿಕರಿಗೆ ಆಟೊಗೆ ತುಂಬುವ ಕೆಲಸ ಮಾತ್ರ ಉಳಿಯಬೇಕು. ಸಂಕ್ರಾಂತಿ ಅವರ ಮನೆಯಲ್ಲೂ ಇದೆ. ಹಬ್ಬಕ್ಕೆ ಅವರನ್ನೂ, ಅವರ ಮಕ್ಕಳನ್ನೂ ಕರೆಯಿರಿ. ಎಲ್ಲರ ಜತೆ ಪಂಕ್ತಿಯಲ್ಲಿ ಕೂರಿಸಿ ಬಡಿಸಿ. ಉಳಿದದ್ದನ್ನು ಕಟ್ಟಿ ಕೊಟ್ಟು ಕಳಿಸುವುದು ಬೇಡ.

9. ಜನವರಿಯಲ್ಲೇ ಮುಂದಿನ ವರ್ಷದ ಕೆಲಸ

ಹಬ್ಬ ಮುಗಿದ ವಾರದಲ್ಲೇ ಖರ್ಚಿನ ಲೆಕ್ಕ, ನಾಲ್ಕು ಫೋಟೊ, ಮೈದಾನ ಚೊಕ್ಕಟವಾಗಿ ಬಿಟ್ಟುಕೊಟ್ಟ ಬಗ್ಗೆ ಒಂದು ಪತ್ರ ಪೌರಾಯುಕ್ತರಿಗೋ ಮುಖ್ಯಾಧಿಕಾರಿಗೋ ಕೊಡಿ. ಪೌರಸಭೆಗಳು ಬಜೆಟ್ ಪೂರ್ವಭಾವಿ ಸಭೆ ಕರೆದು ಸಾರ್ವಜನಿಕರ ಸಲಹೆ ಕೇಳುವುದೂ ಹೆಚ್ಚು ಕಡಿಮೆ ಇದೇ ಸಮಯದಲ್ಲಿ. ಆ ಸಭೆಗೆ ಬರುವವರು ಬೆರಳೆಣಿಕೆಯಷ್ಟು ಜನ, ಅಲ್ಲಿ ನಿಮ್ಮ ಮಾತಿಗೆ ತೂಕ ಜಾಸ್ತಿ. ಎಲ್ಲ ವಾರ್ಡುಗಳ ಮಾಗಿ ಹಬ್ಬಕ್ಕೆ ಒಂದು ಸಣ್ಣ ಲೆಕ್ಕಶೀರ್ಷಿಕೆ ತೆರೆಯಿರಿ ಅಂತ ಬರವಣಿಗೆಯಲ್ಲೇ ಕೇಳಿ, ಈ ವರ್ಷದ ಠರಾವಿನ ಪ್ರತಿಯನ್ನೂ ಲಗತ್ತಿಸಿ. ಸಭೆಯ ತಾರೀಖು ಪತ್ರಿಕೆಯಲ್ಲೋ ಕಚೇರಿಯ ಸೂಚನಾ ಫಲಕದಲ್ಲೋ ಬರುತ್ತದೆ. ಟಪಾಲು ಶಾಖೆಗೆ ಹೋದಾಗಲೆಲ್ಲ ಆ ಫಲಕದ ಮೇಲೆ ಒಮ್ಮೆ ಕಣ್ಣಾಡಿಸಿ ಬನ್ನಿ.